ವಿಶ್ವ ಪರಂಪರೆಯ ಪಕ್ಕದ ಬಚ್ಚಲು

ಆ ದಿನ ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಹೆಪ್ಪು ಹಾಕಲು ಸ್ವಲ್ಪ ತೆಗೆದಿಟ್ಟು, ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದೆ. ನಂಜನಗೂಡಿನ ನಮ್ಮ ಬೀದಿಗೇ ಅವರ ಕಾರ್ಖಾನೆಯ ಬಸ್ಸು ಬರುತ್ತದೆ. ಹಾರ್ನ್ ಆಗುವಷ್ಟರಲ್ಲಿ ಡಬ್ಬಿ ಕೈಯಲ್ಲಿರಬೇಕು. ಸೋಮನಾಥಪುರದ ಗುಡಿ ವಿಶ್ವ ಪರಂಪರೆಗೆ ಸೇರಿದ ವಾರ ಅದು. ನನ್ನ ತವರೂರು. ಗುಡಿಯ ಚಿತ್ರವಿದ್ದ ಪೇಪರನ್ನು ಬಂದವರಿಗೆ ಕಾಣುವಂತೆ ಟೀಪಾಯಿ ಮೇಲೆ ಹರಡಿದ್ದೆ.

ಬಸ್ಸು ಹೋದದ್ದೇ ತಡ, ತಮ್ಮನ ಫೋನು.

"ಅಕ್ಕ, ಬಚ್ಚಲು ಗೋಡೆ ಕೆಡವ್ಬೇಕಂತೆ. ನೀನೇ ಬಾ. ನಿಂಗೆ ಇಂಗ್ಲಿಷ್ ಬತ್ತದೆ, ಸಾಹೇಬ್ರತ್ರ ಮಾತಾಡು."

ನನ್ನನ್ನು ಮೈಸೂರಿನ ಕಾನ್ವೆಂಟ್ ಹಾಸ್ಟೆಲಿಗೆ ಹಾಕಿದ್ದರು. ಅವನು ಊರಲ್ಲೇ ಓದಿದ. ಅಮ್ಮ ಈಗ ಅವನ ಸಂಸಾರದ ಜೊತೆಗಿದ್ದಾಳೆ. ಅಲ್ಲಿನ ಕಕ್ಕಸು ಹಿತ್ತಿಲ ತುದಿಯಲ್ಲಿದೆ. ಮಳೆಯಲ್ಲಿ ಅಲ್ಲಿಗೆ ಹೋಗುವಾಗ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅಮ್ಮ ಊಟದ ಹೊತ್ತಿಗೂ ನೀರು ಮುಟ್ಟುತ್ತಿರಲಿಲ್ಲ. ಅದಕ್ಕೇ ಅವಳ ಕೋಣೆಗೆ ಅಂಟಿಸಿ ಒಂದು ಸಣ್ಣ ಬಚ್ಚಲು, ಒಳಗೇ ಕಕ್ಕಸು ಕಟ್ಟಿಸುತ್ತಿದ್ದೆವು. ಗುಡಿಯ ಹತ್ತಿರ ಹೊಸ ಗೋಡೆ ಏಳಬಾರದೆಂಬ ಕಾನೂನು ಗೊತ್ತಿಲ್ಲದ್ದೇನಲ್ಲ. ಹಿತ್ತಿಲ ಕಡೆ ತಾನೆ, ಯಾರಿಗೆ ಕಾಣುತ್ತದೆ ಅಂದುಕೊಂಡಿದ್ದೆವು.

ತಿ. ನರಸೀಪುರದಲ್ಲಿ ಬಸ್ಸು ಬದಲಿಸಿ ಊರಲ್ಲಿ ಇಳಿದರೆ ರಸ್ತೆಗೆ ಅಡ್ಡಲಾಗಿ ಬ್ಯಾನರು, ಗುಡಿಯ ಗೇಟಿಗೆ ಚೆಂಡುಹೂವು. ನಮ್ಮ ಹಿತ್ತಿಲಲ್ಲಿ ಸೊಂಟದೆತ್ತರದ ಇಟ್ಟಿಗೆ ಗೋಡೆ, ಸಿಮೆಂಟು ಇನ್ನೂ ಹಸಿ. ಪಕ್ಕದಲ್ಲಿ ಪುರಾತತ್ವ ಇಲಾಖೆಯ ಸಾಹೇಬರು. ಚಿಕ್ಕ ವಯಸ್ಸು, ತುಳಸಿಕಟ್ಟೆಯ ರಂಗೋಲಿ ತುಳಿಯದಂತೆ ಜಾಗ ನೋಡಿ ನಿಂತಿದ್ದರು. ಸಿಸ್ಟರ್‌ಗಳು ಕಲಿಸಿದ ಹಾಗೆ ದನಿ ಏರಿಸದೆ, ಪ್ಲೀಸ್ ಸೇರಿಸಿ, ಇಂಗ್ಲಿಷಿನಲ್ಲಿ ಅಮ್ಮನ ಸ್ಥಿತಿ ಹೇಳಿದೆ. ಅವರೂ ಇಂಗ್ಲಿಷಿನಲ್ಲೇ, ನನಗಿಂತ ಮೆತ್ತಗೆ, ಆಗುವುದಿಲ್ಲ ಎಂದರು. ಹಳೆಯದರ ರಿಪೇರಿಗೆ ಅರ್ಜಿ ಹಾಕಬಹುದು, ಹೊಸದು ಮಾತ್ರ ಸಾಧ್ಯವಿಲ್ಲ. ಇಂಥ ಊರಲ್ಲಿ ಹುಟ್ಟಿದ್ದಕ್ಕೆ ನೀವು ಹೆಮ್ಮೆಪಡಬೇಕು ಎಂದೂ ಸೇರಿಸಿದರು. ನಾನು ಥ್ಯಾಂಕ್ಯೂ ಎಂದೆ. ಬಾಯಿಗೆ ಅಷ್ಟು ರೂಢಿ.

ಅವರು ಹೋದ ಮೇಲೆ ತಮ್ಮ ಕೇಳಿದ, "ಏನಂದ್ರು?"

"ಕೆಡವಬೇಕಂತೆ."

"ಅದ್ನ ನಂಗೆ ಕನ್ನಡದಲ್ಲೇ ಏಳಿದ್ರಲ್ಲ," ಎಂದು ಹಾರೆ ಎತ್ತಿಕೊಂಡ. ನಾಲ್ಕು ಇಟ್ಟಿಗೆ ಉರುಳಿಸಿ, ಬೆವರು ಒರೆಸಿಕೊಂಡು, "ಗುಡಿ ಗೇಟೊಳ್ಗೆ ಟೂರಿಸ್ಟ್‌ಗಳಿಗೆ ಟೈಲ್ಸ್ ಹಾಕ್ಸಿ ಕಕ್ಕಸು ಕಟ್ಟವ್ರೆ. ಅವ್ವಂಗೂ ದಿನಾ ಒಂದು ಟಿಕೆಟ್ ತೆಗುದ್ಬುಟ್ರಾಯ್ತು," ಎಂದ. ಅವನ ಹೆಂಡತಿ ಮುಖ ಆಚೆ ತಿರುಗಿಸಿದಳು.

ಅಮ್ಮ ಮಂಚದ ಮೇಲಿಂದಲೇ ಇಟ್ಟಿಗೆ ಬೀಳುವ ಸದ್ದು ಕೇಳುತ್ತಿದ್ದಳು. ಹೊರಡುವ ಮುಂಚೆ ಲೋಟದಲ್ಲಿ ನೀರು ಹಿಡಿದು ನಿಂತೆ.

"ಬ್ಯಾಡ ಬುಡು. ಈಗ ಕುಡುದ್ರೆ ಆಮೇಲೆ ಓಗ್ಬೇಕಲ್ಲ."

ಬಸ್ಸಿಗೆ ಕಾಯುವಾಗ ಕಾಂಪೌಂಡಿನಾಚೆ ಗುಡಿ ಕಂಡಿತು. ಅಲ್ಲಿನ ಕಲ್ಲಿನ ಹೆಂಗಸರ ಕಾಲುಂಗುರ ಕೂಡ ಸವೆಯದಂತೆ ಕಾಯುತ್ತಾರೆ. ಚಿಕ್ಕವಳಿದ್ದಾಗ ಆ ಕಾಲುಂಗುರಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಈಗ ಅತ್ತ ಬೆನ್ನು ಹಾಕಿ ನಿಂತೆ.

ಸಂಜೆ ನಂಜನಗೂಡಿಗೆ ಬಂದು ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ಮನೆಯಾಕೆ ತಮ್ಮ ಮಹಡಿಯಲ್ಲಿ ಮೆಣಸಿನಕಾಯಿ ಬಾಚಿಕೊಳ್ಳುತ್ತಾ, ತಲೆ ಎತ್ತದೆಯೇ ಅಂದರು, "ನಿಮ್ಮೂರು ಟಿವೀಲಿ ಬಂದಿತ್ತು ಕಣ್ರೀ. ನಿಮ್ಮ ತಾಯೋರ್ದು ಪುಣ್ಯ ಬಿಡಿ, ಮನೇಲಿ ಕೂತ್ಕೊಂಡೇ ಅಷ್ಟೊಳ್ಳೆ ಗುಡಿ ನೋಡ್ಬೋದು."