ಫ್ರಿಜ್ ಇದ್ದಲ್ಲೇ ಇರಲಿ ಎನ್ನುವ ತಿಪ್ಪೇಶ್

ಚನ್ನಗಿರಿಯ ನಮ್ಮ ಬೀದಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಎದುರುಮನೆಯ ಕೊಟ್ರಮ್ಮನವರ ಪಡಸಾಲೆಯ ನಡುವೆ ಒಂದು ಫ್ರಿಜ್ ನಿಂತಿದೆ. ಅದರೊಳಗಿದ್ದದ್ದೆಲ್ಲ ಈಗ ನೆಲದ ಮೇಲಿದೆ: ಹಾಲಿನ ಪಾತ್ರೆ, ದೋಸೆಹಿಟ್ಟಿನ ಡಬ್ಬಿ, ಬದನೆಕಾಯಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ. ಹೊನ್ನಾಳಿಯಿಂದ ಬೈಕಿನಲ್ಲಿ ಬಂದ ತಿಪ್ಪೇಶ್ ಹೆಲ್ಮೆಟ್ ತೆಗೆದು ಜಗಲಿಯ ಮೇಲೆ ಇಡುತ್ತಾರೆ. ಹೆಗಲಿನ ಬ್ಯಾಗನ್ನೂ ಇಳಿಸುತ್ತಾರೆ. ಆದರೆ ಅದನ್ನು ಬಿಚ್ಚುವುದಿಲ್ಲ.

"ಅಮ್ಮಾರೆ, ಇದನ್ನ ಯಾಕೆ ಹೊರಗೆ ತಂದ್ರಿ? ಎಳೀಬ್ಯಾಡ್ರಿ ಅಂತ ಫೋನಿನಾಗೇ ಹೇಳಿದ್ದೆ."

"ನಿನಗೇ ಅನುಕೂಲ ಆಗ್ಲಿ ಅಂತ ಕಣಪ್ಪ. ಒಳಗೆ ಕತ್ತಲೆ, ಜಾಗನೂ ಇಲ್ಲ," ಎನ್ನುತ್ತಾರೆ ಕೊಟ್ರಮ್ಮ.

"ಎರಡು ಸತಿ ಇಲ್ಲೇ ನೋಡೀನಿ. ಇಲ್ಲಿ ಅದು ಸೋರಲ್ಲ. ಈ ಸತಿ ಅದು ನಿಲ್ಲೋ ಜಾಗದಾಗೇ ನೋಡ್ಬೇಕ್ರಿ."

"ಇದು ಮೂರನೇ ಸತಿ. ಫ್ರಿಜ್ ನೋಡಾಕೆ ಬರ್ತೀಯೋ, ನೆಂಟಸ್ತಿಕೆ ಬೆಳೆಸಾಕೆ ಬರ್ತೀಯೋ?"

ತಿಪ್ಪೇಶ್ ನಗುತ್ತಾರೆ. ಜಗಲಿಯ ಮೇಲೆ ಹೆಲ್ಮೆಟ್ಟಿನ ಪಕ್ಕ ಕೂರುತ್ತಾರೆ.

ನಲವತ್ತರ ಆಸುಪಾಸಿನ ತಿಪ್ಪೇಶ್ ಹುಟ್ಟಿದ್ದು ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ. ತಂದೆ ಧರ್ಮಪ್ಪ ಕೂಲಿಯ ಜೊತೆಗೆ ಬಾವಿಯ ಹೂಳೆತ್ತುತ್ತಿದ್ದವರು. ಹತ್ತನೇ ತರಗತಿ ಮುಗಿಸಿದ ಮಗ ದಾವಣಗೆರೆಯ ಫ್ರಿಜ್ ವರ್ಕ್‌ಶಾಪೊಂದಕ್ಕೆ ಸೇರಿದ್ದು ಕಲಿಯುವುದಕ್ಕಲ್ಲ, ಹೊರುವುದಕ್ಕೆ. ಮಾಳಿಗೆಯಿಂದ ಫ್ರಿಜ್ ಇಳಿಸುವುದು, ತೊಳೆಯುವುದು, ಮತ್ತೆ ಹತ್ತಿಸುವುದು. "ಬೆನ್ನ ಮೇಲೆ ಹೊತ್ತು ಹೊತ್ತೇ ಅದರ ಹಿಂಭಾಗ ಪರಿಚಯ ಆತು ನೋಡ್ರಿ. ಎಲ್ಲಾರೂ ಅದರ ಮುಖ ನೋಡ್ತಾರೆ, ನಾನು ಬೆನ್ನು ನೋಡ್ದೋನು," ಎನ್ನುತ್ತಾರೆ.

ಈಗ ಅವರ ವಾಸ ಹೊನ್ನಾಳಿಯಲ್ಲಿ. ನ್ಯಾಮತಿ, ಚನ್ನಗಿರಿಯ ಕಡೆಗೂ ಹೋಗುತ್ತಾರೆ. ಅಪ್ಪನನ್ನು ನೋಡಲು ಸೊಕ್ಕೆಗೆ ಹೋದಾಗ ಜಗಳೂರು, ಬಿಳಿಚೋಡಿನ ಮನೆಗಳನ್ನೂ ಮುಗಿಸಿಕೊಂಡು ಬರುತ್ತಾರೆ. ದಿನಕ್ಕೆ ಮೂರೋ ನಾಲ್ಕೋ ಮನೆ. ಕೆಲಸ ಹೆಚ್ಚುಕಡಿಮೆ ಒಂದೇ: ನೀರು ಸೋರುವ ಫ್ರಿಜ್.

"ಗ್ಯಾಸ್ ತುಂಬಾದು, ಕಂಪ್ರೆಸರ್ ಹಾಕಾದು ಅಂದ್ರೆ ಎಲ್ಲಾರೂ ಓಡಿ ಬರ್ತಾರೆ. ನೀರು ಸೋರ್ತೈತೆ ಅಂದ್ರೆ ನಾಳೆ ನಾಡಿದ್ದು ಅಂತಾರೆ. ಕೊಳಕು ಕೆಲಸ, ಹುಟ್ಟುವಳಿ ಕಮ್ಮಿ. ಅದಕ್ಕೇ ನಾನು ಹಿಡ್ಕೊಂಡೆ. ಯಾರೂ ಕಿತ್ಕೊಳ್ಳಾಕೆ ಬರಲ್ಲ."

ಕೆಲಸವನ್ನು ಅವರು ವಿವರಿಸುವುದು ಹೀಗೆ. ಫ್ರಿಜ್ಜಿನೊಳಗೆ ಕಟ್ಟಿದ ಮಂಜು ಕರಗಿ ಹಿಂಗೋಡೆಯ ಮೇಲೆ ಹನಿಯಾಗಿ ಇಳಿಯುತ್ತದೆ. ಆ ಗೋಡೆಯ ಬುಡದಲ್ಲಿ ಸಣ್ಣ ಕಾಲುವೆ, ಕಾಲುವೆಯ ನಡುವೆ ಬೆರಳೂ ಹೋಗದಷ್ಟು ಕಿರಿದಾದ ತೂತು. ಅಲ್ಲಿಂದ ನೀರು ಕೊಳವೆಯಲ್ಲಿ ಇಳಿದು, ಹಿಂದೆ ಕಂಪ್ರೆಸರ್ ಮೇಲಿರುವ ತಟ್ಟೆಗೆ ಬೀಳುತ್ತದೆ. ಕಂಪ್ರೆಸರಿನ ಬಿಸಿಗೆ ಆರಿಹೋಗುತ್ತದೆ. ತೂತು ಕಟ್ಟಿಕೊಂಡರೆ ಅದೇ ನೀರು ತರಕಾರಿ ಡಬ್ಬಿಗೆ ಇಳಿದು, ಬಾಗಿಲ ಸಂದಿನಿಂದ ನೆಲಕ್ಕೆ ಬರುತ್ತದೆ. ಕೊತ್ತಂಬರಿ ದಂಟು, ಸೇವಂತಿಗೆ ಎಸಳು, ಬೆಳ್ಳುಳ್ಳಿ ಸಿಪ್ಪೆ, ಒಮ್ಮೆ ಮಗುವಿನ ಬಳೆಚೂರು, ಹೀಗೆ ಅವರು ಆ ತೂತಿನಿಂದ ತೆಗೆಯದ ವಸ್ತು ಇಲ್ಲ. ಕಬ್ಬಿಣದ ತಂತಿಯನ್ನು ಅವರು ಮುಟ್ಟುವುದಿಲ್ಲ, ಕೊಳವೆ ಹರಿದೀತು ಎಂಬ ಭಯ. ದನಗಳಿಗೆ ಔಷಧಿ ಕೊಡುವ ದೊಡ್ಡ ಸಿರಿಂಜಿನ ಸೂಜಿ ತೆಗೆದು, ಉಗುರುಬೆಚ್ಚಗಿನ ನೀರು ತುಂಬಿ ಒತ್ತುತ್ತಾರೆ. ಬೆಳಿಗ್ಗೆ ಬೇಗ ಬರುವುದಕ್ಕೂ ಕಾರಣವಿದೆ. "ರಾತ್ರಿ ಬಾಗಿಲು ತೆಗೆಯದೆ ನಿಂತ ನೀರು ಇರ್ತೈತಲ್ಲ, ಅದೇ ನನಗೆ ದಾರಿ ತೋರ್ಸಾದು."

ಆದರೆ ಎಲ್ಲ ಮನೆಯಲ್ಲೂ ಆ ನೀರು ಅವರಿಗೆ ಕಾಣಸಿಗುವುದಿಲ್ಲ.

ಕೊಟ್ರಮ್ಮನವರ ಮನೆಗೆ ಅವರು ಮೊದಲು ಬಂದ ದಿನ ನನಗೆ ನೆನಪಿದೆ. ಹೊಸ್ತಿಲಲ್ಲೇ ಮಾತು ಶುರುವಾಯಿತು. "ಯಾವೂರಪ್ಪ?" "ಸೊಕ್ಕೆ ರೀ." "ಸೊಕ್ಕೆದಾಗೆ ಯಾವ ಕೇರಿ?" ತಿಪ್ಪೇಶ್ ಇದ್ದದ್ದನ್ನು ಇದ್ದಂತೆ ಹೇಳಿದರು. "ಹಂಗಾ? ಅಲ್ಲೇ ಇರಪ್ಪ, ಫ್ರಿಜ್ಜೇ ಹೊರಗೆ ಬರ್ತೈತೆ," ಎಂದರು ಕೊಟ್ರಮ್ಮ. ಮನೆಯ ಗಂಡಸರು ಅದನ್ನು ಅಡುಗೆಮನೆಯಿಂದ ಎತ್ತಿ ತಂದರು. ಎರಡನೇ ಸಲವೂ ಹಾಗೇ ಆಯಿತು. ಗ್ಯಾಸ್ ಸಿಲಿಂಡರ್ ತರುವವರು ಚಪ್ಪಲಿ ಬಿಟ್ಟು ನೇರ ಅದೇ ಅಡುಗೆಮನೆಗೆ ಹೋಗುವುದನ್ನು ನಾನು ನಮ್ಮ ಕಿಟಕಿಯಿಂದ ನೋಡಿದ್ದೇನೆ. ಅಲ್ಲಿ ಜಾಗವೂ ಇದೆ, ಬೆಳಕೂ ಇದೆ.

ಎರಡು ಸಲವೂ ತಿಪ್ಪೇಶ್ ಪಡಸಾಲೆಯಲ್ಲಿ ಸಿರಿಂಜಿನಿಂದ ನೀರು ಬಿಟ್ಟರು. ನೀರು ಸರಾಗವಾಗಿ ಹಿಂದಿನ ತಟ್ಟೆಗೆ ಇಳಿಯಿತು. ಫ್ರಿಜ್ ಒಳಗೆ ಹೋಯಿತು. ಮರುದಿನ ಮತ್ತೆ ನೆಲವೆಲ್ಲ ನೀರು. ಕೊಟ್ರಮ್ಮ ಹೊನ್ನಾಳಿಯ ಅಂಗಡಿಗೆ ಫೋನ್ ಮಾಡಿ ಬೈದರು. ತಿಪ್ಪೇಶ್‌ಗೆ ಹೆಚ್ಚಿನ ಕೆಲಸ ಸಿಗುವುದು ಫ್ರಿಜ್ ಮಾರುವ ಆ ಅಂಗಡಿಯಿಂದಲೇ. ಮಾಲೀಕ ಗುರುಬಸವರಾಜ್ ಖಂಡಿತವಾಗಿ ಹೇಳಿಬಿಟ್ಟಿದ್ದಾರೆ: "ಚನ್ನಗಿರಿಯಿಂದ ಇನ್ನೊಂದು ಬೈಗುಳ ಬಂತಂದ್ರೆ ನಾನು ಯಾರಿಗೂ ನಿನ್ನ ನಂಬರ್ ಕೊಡಲ್ಲ."

ಅದಕ್ಕೇ ಈ ಸಲ ಬ್ಯಾಗ್ ಬಿಚ್ಚದೆ ಕೂತಿದ್ದಾರೆ. ತಪ್ಪು ಎಲ್ಲಿರಬಹುದು ಎಂಬ ಗುಮಾನಿ ಅವರಿಗಿದೆ. ಹಿಂದಿನ ವಾರ ಸೂರಗೊಂಡನಕೊಪ್ಪದ ಮನೆಯೊಂದರಲ್ಲಿ ಒಡತಿ ಅವರನ್ನು ಒಲೆಯ ಪಕ್ಕಕ್ಕೇ ಕರೆದು, ರೊಟ್ಟಿ ಕೊಟ್ಟು, ಆಮೇಲೆ ಫ್ರಿಜ್ ತೋರಿಸಿದರಂತೆ. "ರೊಟ್ಟಿ ತಿಂತಾ ಸುಮ್ನೆ ನೆಲ ನೋಡ್ತಾ ಕೂತಿದ್ದೆ. ಆವಾಗ ಹೊಳೀತು," ಎನ್ನುತ್ತಾರೆ. ಅಲ್ಲಿ ಫ್ರಿಜ್ ಕೆಟ್ಟಿರಲಿಲ್ಲ. ನಿಂತ ನೆಲ ಇಳಿಜಾರಾಗಿತ್ತು.

ಬಿಸಿಲು ಜಗಲಿಗೆ ಬರುತ್ತದೆ. ಪಡಸಾಲೆಯಲ್ಲಿ ದೋಸೆಹಿಟ್ಟು ಉಬ್ಬಿ ಡಬ್ಬಿಯ ಮುಚ್ಚಳ ಎತ್ತುತ್ತಿದೆ.

"ಏನಪ್ಪ, ಸತ್ಯಾಗ್ರಹನಾ?" ಕೊಟ್ರಮ್ಮ ಕೇಳುತ್ತಾರೆ.

"ಇಲ್ರೀ. ಇಲ್ಲಿ ಬ್ಯಾಗ್ ಬಿಚ್ಚಿದ್ರೆ ಮೂರನೇ ಸತಿನೂ ಸುಳ್ಳು ರಿಪೇರಿ ಮಾಡ್ದಂಗೆ. ಬ್ಯಾಡ ಅಂದ್ರೆ ಹೋಗ್ತೀನಿ. ಸುಳ್ಳು ಮಾತ್ರ ಮಾಡಲ್ಲ."

ಆಗ ಸೊಸೆ ಶಾಂತಲಾ ಕೈಯಲ್ಲಿ ನೆಲ ಒರೆಸುವ ಬಟ್ಟೆ ಹಿಡಿದೇ ಹೊರಗೆ ಬರುತ್ತಾರೆ. "ಅತ್ತೆ, ದಿನಾ ಬಗ್ಗಿ ಒರಸೋಳು ನಾನು. ನಿಮ್ಮ ಸೊಂಟ ಅಲ್ಲ, ನನ್ನ ಸೊಂಟ ಹೋಗಾದು. ಅಣ್ಣಾರೆ, ನೀವು ಆ ಕಡೆ ಹಿಡೀರಿ."

"ನಾನು ಬ್ಯಾಡ ಅಂದ್ನಾ? ಜಾಗ ಇಲ್ಲ ಅಂದೆ ಅಷ್ಟೇ," ಎಂದು ಕೊಟ್ರಮ್ಮ ಗೊಣಗಿ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಲ್ಲುತ್ತಾರೆ. ಹೊಸ್ತಿಲ ಬಳಿ ಫ್ರಿಜ್ಜನ್ನು ಎತ್ತಬೇಕು. ಶಾಂತಲಾ ಒಂದು ಕಡೆ, ತಿಪ್ಪೇಶ್ ಇನ್ನೊಂದು ಕಡೆ. ಕೊಟ್ರಮ್ಮ ಅಡ್ಡ ನಿಂತೇ ಇದ್ದಾರೆ. ಭಾರ ಹಿಡಿದ ಇಬ್ಬರೂ ಅವರನ್ನೇ ನೋಡುತ್ತಾರೆ. ಅವರು ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿಯುತ್ತಾರೆ.

ನಾನೂ ಅವರ ಹಿಂದೆ ಒಳಗೆ ಹೋಗುತ್ತೇನೆ. ಫ್ರಿಜ್ ಅದರ ಮೂಲೆಯಲ್ಲಿ ನಿಂತ ಮೇಲೆ ತಿಪ್ಪೇಶ್ ಬ್ಯಾಗ್ ಬಿಚ್ಚುತ್ತಾರೆ. ಸಿರಿಂಜಿನಿಂದ ಹಿಂಗೋಡೆಯ ಕಾಲುವೆಗೆ ನೀರು ಬಿಡುತ್ತಾರೆ. ನೀರು ತೂತಿನ ಕಡೆ ಹೋಗುವುದೇ ಇಲ್ಲ. ಕಾಲುವೆಯ ಅಂಚು ದಾಟಿ ಮುಂದಕ್ಕೆ, ತರಕಾರಿ ಡಬ್ಬಿಯ ಕಡೆಗೆ ಬರುತ್ತದೆ. ಶಾಂತಲಾ ಬಾಯಿಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ತಿಪ್ಪೇಶ್ ಒಂದು ಚೊಂಬು ನೀರು ಕೇಳಿ, ಫ್ರಿಜ್ಜಿನ ಮುಂದೆ ನೆಲದ ಮೇಲೆ ಒಂದಿಷ್ಟು ಚೆಲ್ಲುತ್ತಾರೆ. ಆ ನೀರೂ ಫ್ರಿಜ್ಜಿನಿಂದ ದೂರ, ಎದುರು ಮೂಲೆಯ ಬಚ್ಚಲ ಕಂಡಿಗೆ ಹರಿದು ಹೋಗುತ್ತದೆ.

"ನಮ್ಮ ಮಾವನೋರು ನಿಂತು ಹಾಕ್ಸಿದ ನೆಲ ಅದು," ಎನ್ನುತ್ತಾರೆ ಕೊಟ್ರಮ್ಮ. "ತೊಳೆದ ನೀರು ನಿಲ್ಲಬಾರ್ದು ಅಂತ."

"ಭಾಳ ಚೆನ್ನಾಗಿ ಹಾಕ್ಸ್ಯಾರೆ ಅಮ್ಮಾರೆ. ನೆಲದ್ದೂ ತಪ್ಪಿಲ್ಲ, ಫ್ರಿಜ್ಜಿಂದೂ ತಪ್ಪಿಲ್ಲ. ಫ್ರಿಜ್ ಒಂಚೂರು ಹಿಂದಕ್ಕೆ ಒರಗಿ ನಿಲ್ಬೇಕು. ಇದು ಮುಂದಕ್ಕೆ ಬಗ್ಗೈತೆ. ಪಡಸಾಲೆದಾಗೆ ನೆಲ ಸಮ, ಅಲ್ಲಿ ಹೆಂಗೆ ಗೊತ್ತಾಗ್ತೈತೆ ಹೇಳ್ರಿ?"

ಮುಂದಿನ ಎರಡು ಕಾಲುಗಳ ತಿರುಪು ತಿರುಗಿಸಿ ಎತ್ತರಿಸುತ್ತಾರೆ. ಸಾಲದ್ದಕ್ಕೆ ಅವುಗಳ ಕೆಳಗೆ ಎರಡು ಮರದ ತುಂಡು ಕೊಡುತ್ತಾರೆ. ಮತ್ತೆ ಸಿರಿಂಜು. ಎಲ್ಲರೂ ಕಿವಿಗೊಡುತ್ತಾರೆ. ಹಿಂದಿನ ತಟ್ಟೆಯಲ್ಲಿ ಹನಿ ಬೀಳುವ ಸದ್ದು ಕೇಳುತ್ತದೆ, ಒಂದರ ಹಿಂದೆ ಒಂದು. ತಿಪ್ಪೇಶ್ ಬಾಗಿಲು ಬಿಟ್ಟರೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ.

"ಅಯ್ಯೋ, ಇಷ್ಟು ದಿನ ಮೊಣಕೈಯಾಗೆ ಒತ್ತಿ ಮುಚ್ಚಿದ್ದೇ ಬಂತು!" ಶಾಂತಲಾ ನಗುತ್ತಾರೆ.

ಕೊಟ್ರಮ್ಮ ಅಲ್ಲೇ ನಿಂತು ಅಂಗಡಿಗೆ ಫೋನ್ ಹಚ್ಚುತ್ತಾರೆ. "ಗುರುಬಸವರಾಜಾ, ಸರಿಯಾತು ಕಣಪ್ಪ. ಹೂಂ, ಅವನೇ ಮಾಡ್ದ." ತಿಪ್ಪೇಶ್ ಕಡೆ ಒಮ್ಮೆ ನೋಡಿ, "ಒಳಗೆ ಬಂದು ಮಾಡ್ದ," ಎನ್ನುತ್ತಾರೆ. ಆ ದಿನದ ನಂತರ ಆ ಫ್ರಿಜ್ ಮತ್ತೆ ಪಡಸಾಲೆಗೆ ಬಂದದ್ದನ್ನು ನಾನು ಕಂಡಿಲ್ಲ.

ಚಹಾ ಬರುತ್ತದೆ, ಜಗಲಿಗೆ, ಕಾಗದದ ಲೋಟದಲ್ಲಿ. ತಿಪ್ಪೇಶ್ ಊದಿ ಊದಿ ಕುಡಿಯುತ್ತಾರೆ. ಇದರಿಂದ ಬೇಸರವಾಗುವುದಿಲ್ಲವೇ ಎಂದು ಪಕ್ಕದಲ್ಲಿ ಕೂತ ನಾನು ಕೇಳುತ್ತೇನೆ.

"ಆಗ್ತೈತೆ ತಂಗಿ. ಆಗಲ್ಲ ಅಂದ್ರೆ ಸುಳ್ಳಾಗ್ತೈತೆ," ಎನ್ನುತ್ತಾರೆ. "ಚಹಾ ಯಾತರಾಗೆ ಕೊಡ್ಬೇಕು ಅನ್ನಾದು ಅವರ ಕೈಯಾಗೈತೆ. ಫ್ರಿಜ್ ಎಲ್ಲಿ ನೋಡ್ಬೇಕು ಅನ್ನಾದು ನನ್ನ ಕೈಯಾಗೈತೆ. ನನ್ನ ಕೈಯಾಗೆ ಇರಾದನ್ನ ನಾನು ಬಿಟ್ಟುಕೊಡಲ್ಲ."

ಬೈಕ್ ಹತ್ತುವಾಗ ಅವರ ಫೋನ್ ರಿಂಗಾಗುತ್ತದೆ. ನ್ಯಾಮತಿಯ ಯಾರೋ, ಗುರುಬಸವರಾಜ್ ನಂಬರ್ ಕೊಟ್ಟರಂತೆ. ಫ್ರಿಜ್ಜಿನಿಂದ ನೀರು ಸೋರುತ್ತಿದೆಯಂತೆ. ತಿಪ್ಪೇಶ್ ಹೆಲ್ಮೆಟ್ಟನ್ನು ಕಂಕುಳಲ್ಲಿ ಹಿಡಿದು, ಬೀದಿಗೆಲ್ಲ ಕೇಳುವಂತೆ ಹೇಳುತ್ತಾರೆ:

"ಒರಸಬ್ಯಾಡ್ರಿ, ಎಳೀಬ್ಯಾಡ್ರಿ. ಅದು ಎಲ್ಲಿ ನಿಂತೈತೋ ಅಲ್ಲೇ ಇರ್ಲಿ. ಒಳಗೆ ನಾನೇ ಬರ್ತೀನಿ."