ನವೆಂಬರ್ ಒಂದರ ಕಾರ್ಡು

ನನ್ನ ಮೊಮ್ಮಗಳು ಬಿ.ಎಡ್. ಓದುತ್ತಿದ್ದಾಳೆ. ದಿನಾ ಬೆಳಿಗ್ಗೆ ಪುಸ್ತಕ ಮುಟ್ಟುವುದಕ್ಕೆ ಮುಂಚೆ ಫೋನಿನ ಸ್ಟೇಟಸ್ಸಿಗೆ ‘ಹಾಡಿನ ಲೋಕದಲ್ಲಿ ಈ ದಿನ’ ಅಂತ ಒಂದು ಪಟ್ಟಿ ಹಾಕುತ್ತಾಳೆ. ಇದೇ ತಾರೀಖಿನಲ್ಲಿ ಯಾವ ಗಾಯಕಿ ಹುಟ್ಟಿದಳು, ಯಾವ ದೇಶದ ಯಾವ ತಂಡ ಮೊದಲನೇ ರೆಕಾರ್ಡು ಬಿಟ್ಟಿತು, ಯಾವ ಸಿನಿಮಾದ ಹಾಡು ಊರೆಲ್ಲ ಮೊಳಗಿತು, ಎಲ್ಲ ಅದರಲ್ಲಿರುತ್ತದೆ. ನಾನು ಫೋನಿನಲ್ಲಿ ಟೈಪ್ ಮಾಡುವುದನ್ನು ಕಲಿತು ಮೂರು ತಿಂಗಳಾಯಿತು. ಕಲಿಸಿದವಳೂ ಅವಳೇ. ಆದ್ದರಿಂದ ಅವಳ ಪಟ್ಟಿಯಲ್ಲಿ ತಪ್ಪು ಹುಡುಕಿ, ಕೆಳಗೆ ಒಂದು ಕೋತಿಯ ಚಿತ್ರ ಅಂಟಿಸಿ ಕಳಿಸುವುದು ನನ್ನ ಬೆಳಗಿನ ಕೆಲಸ.

ಹೋದ ಅಕ್ಟೋಬರ್ ಕೊನೆಯಲ್ಲಿ ಅವಳು ನವೆಂಬರ್ ಒಂದರ ಪಟ್ಟಿಯನ್ನು ಮುಂಚೆಯೇ ಮಾಡಿಕೊಳ್ಳುತ್ತಿದ್ದಳು. ರಾಜ್ಯೋತ್ಸವ, ತುಂಬಾ ಜನ ನೋಡುತ್ತಾರೆ ಅಂತ. ನಾನು ಹಿಂದಿನಿಂದ ಇಣುಕಿದೆ.

“ಇದ್ರಲ್ಲಿ ನಮ್ಮ ನಂಜನಗೂಡು ತಾಲ್ಲೂಕಿನೋರು ಒಬ್ರೂ ಇಲ್ವಲ್ಲೇ.”

“ನಮ್ಮ ತಾಲ್ಲೂಕಲ್ಲಿ ನವೆಂಬರ್ ಒಂದನೇ ತಾರೀಕು ಏನಾಗಿತ್ತು ಅಜ್ಜಿ?”

“ಆಗಿತ್ತು. ದೊಡ್ಡದೇ ಆಗಿತ್ತು.”

“ಹೌದಾ? ಹಾಗಾದ್ರೆ ಮೈಕ್ ಒತ್ತಿ ಹೇಳು, ಅದೇ ಬರ್ಕೊಳುತ್ತೆ. ಯಾಕೆ ಬೆರಳು ನೋಯಿಸ್ಕೊಳ್ತೀಯ?”

ಮೈಕಿನ ಸಹವಾಸ ಬೇಡ ಅಂದೆ. ಐವತ್ತು ವರ್ಷ ಯಾರ ಹತ್ತಿರವೂ ಬಾಯಿ ಬಿಡದ ಮಾತನ್ನು ನಡುಮನೆಯಲ್ಲಿ ನಿಂತು ಫೋನಿಗೆ ಕೂಗಿ ಹೇಳುವುದಕ್ಕೆ ಆಗುತ್ತದೆಯೇ? ನಮ್ಮ ಪಕ್ಕದ ಮನೆಯವರ ಕಿವಿ ಎಂಥದು ಅಂತ ನನಗೆ ಗೊತ್ತು. ಟೈಪ್ ಮಾಡಿ ಕಳಿಸುತ್ತೇನೆ ಅಂತ ಹೇಳಿ ಮಹಡಿ ಹತ್ತಿದೆ.

ನನ್ನ ತವರು ಹುಲ್ಲಹಳ್ಳಿ. ನಾಡಿಗೆ ಕರ್ನಾಟಕ ಅಂತ ಹೆಸರು ಬಂದ ವರ್ಷ ನನಗೆ ಹನ್ನೆರಡು, ಅಕ್ಕನಿಗೆ ಹದಿನೆಂಟು. ನಾನು ಹುಟ್ಟಿದ ಮೇಲೆ ನನ್ನನ್ನು ಎತ್ತಿಕೊಳ್ಳಲು ಯಾರೂ ಇಲ್ಲ ಅಂತ ಅಕ್ಕನನ್ನು ಒಂದನೇ ಕ್ಲಾಸಿಗೇ ಸ್ಕೂಲು ಬಿಡಿಸಿದ್ದರು. ಅವಳಿಗೆ ಓದು ಬರಹ ಬರಲಿಲ್ಲ. ಅವಳ ಪಾಲಿನ ಬರಹವನ್ನೂ ನಾನೇ ಬರೆಯಬೇಕಿತ್ತು.

ಬರಹ ಅಂದರೆ ಮುಖ್ಯವಾಗಿ ರೇಡಿಯೋಗೆ ಹಾಕುವ ಕಾರ್ಡು. ಆಗ ಕೇಳುಗರ ಮೆಚ್ಚಿನ ಚಿತ್ರಗೀತೆ ಹಾಕುತ್ತಿದ್ದರು. ಒಂದು ಪೋಸ್ಟ್ ಕಾರ್ಡಿನಲ್ಲಿ ಬೇಕಾದ ಹಾಡು ಬರೆದು, ಕೆಳಗೆ ಕೇಳುವವರ ಹೆಸರು, ಊರು ಬರೆದು ಕಳಿಸಿದರೆ, ಹಾಡಿಗೆ ಮುಂಚೆ ಆ ಹೆಸರುಗಳನ್ನೆಲ್ಲ ಓದುತ್ತಿದ್ದರು. ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ. ಬಸ್ ನಿಲ್ಲುವ ಕಡೆ ಒಂದು ಹೋಟೆಲಿನಲ್ಲಿತ್ತು. ಗಂಡಸರು ಒಳಗೆ ಟೀ ಕುಡಿಯುತ್ತಾ, ನಾವು ಹೊರಗೆ ಜಗಲಿಯ ಹತ್ತಿರ ನಿಂತು ಕೇಳುತ್ತಿದ್ದೆವು. ಅಕ್ಕ ಹೇಳುತ್ತಾ ಹೋಗುತ್ತಿದ್ದಳು, ಅವ್ವನ ಹೆಸರು, ಅತ್ತೆಯ ಹೆಸರು, ಎದುರು ಮನೆಯವರ ಹೆಸರು, ನಾನು ಬರೆಯುತ್ತಿದ್ದೆ. ಒಂದು ಸಲ ನಾನು ನಮ್ಮ ಎಮ್ಮೆಯ ಹೆಸರನ್ನೂ ನಡುವೆ ಸೇರಿಸಿಬಿಟ್ಟೆ. ರೇಡಿಯೋದವರು ಎಮ್ಮೆಯನ್ನೂ ಗೌರವದಿಂದ ‘ಅವರು’ ಸೇರಿಸಿ ಓದಿದರು. ಅಪ್ಪ ಎರಡು ದಿನ ಹಾಲು ಕರೆಯುವಾಗಲೆಲ್ಲ ನಕ್ಕರು. ಆ ನಗು ನನ್ನನ್ನು ಕೆಡಿಸಿತು.

ಹದಿನೈದು ದಿನಕ್ಕೊಮ್ಮೆ ಬದನವಾಳಿನ ಖಾದಿ ಕೇಂದ್ರದಿಂದ ಒಬ್ಬ ಹುಡುಗ ಸೈಕಲ್ಲಿನ ಹಿಂದೆ ಬಟ್ಟೆಯ ಗಂಟು ಕಟ್ಟಿಕೊಂಡು ಬರುತ್ತಿದ್ದ. ಟವಲು, ಪಂಚೆ, ಹೊದೆಯುವ ಬಟ್ಟೆ. ಒಂದು ಟವಲು ಆರಿಸುವುದಕ್ಕೆ ನಮ್ಮಕ್ಕನಿಗೆ ಅರ್ಧ ಗಂಟೆ ಬೇಕು. ಅವನು ಒಂದೊಂದನ್ನೇ ಬಿಡಿಸಿ ತೋರಿಸುವನು, ಬೇಡ ಅಂದರೆ ಮಡಿಸಿ ಇಡುವನು, ಮತ್ತೆ ಬಿಡಿಸುವನು. ಒಂದು ದಿನವೂ ಮುಖ ಗಂಟು ಹಾಕಲಿಲ್ಲ. ಅವನು ಹೋದ ಮೇಲೆ ಅಕ್ಕ ನೀರು ಸೇದುವಾಗ ಸಣ್ಣಗೆ ಏನೋ ಹಾಡಿಕೊಳ್ಳುತ್ತಿದ್ದಳು. ಇಷ್ಟೇ ನಾನು ಕಂಡದ್ದು. ಹನ್ನೆರಡು ವರ್ಷದ ಹುಡುಗಿಗೆ ಇಷ್ಟು ಸಾಕಾಗಿತ್ತು.

ಅಪ್ಪನ ಪೆಟ್ಟಿಗೆಯಿಂದ ಒಂದು ಕಾರ್ಡು ತೆಗೆದುಕೊಂಡೆ. ಅಕ್ಕನ ಹೆಸರು, ನಮ್ಮ ಊರು. ನಡುವೆ ಒಂದು ‘ಮತ್ತು’. ಆಮೇಲೆ ಅವನ ಹೆಸರು, ಅವನ ಊರು. ಒಂದು ಒಳ್ಳೆಯ ಹಾಡನ್ನೇ ಕೇಳಿದೆ. ಅಕ್ಕ ನಾಚಿಕೊಳ್ಳುವುದನ್ನು ನೋಡಬೇಕು ಅನ್ನುವುದು ಬಿಟ್ಟು ಬೇರೆ ಯಾವ ಕೆಟ್ಟ ಬುದ್ಧಿಯೂ ನನಗಿರಲಿಲ್ಲ.

ಆ ಕಾರ್ಡನ್ನು ರೇಡಿಯೋದಲ್ಲಿ ಓದಿದ್ದು ನವೆಂಬರ್ ಒಂದನೇ ತಾರೀಖು ಮಧ್ಯಾಹ್ನ. ಹಬ್ಬದ ದಿನ, ಹೊಸ ಹೆಸರಿನ ನಾಡು, ಹೋಟೆಲಿನ ಮುಂದೆ ಊರಿಗೆ ಊರೇ ನಿಂತಿತ್ತು. ರೇಡಿಯೋದ ಹೆಂಗಸು ಇಂಪಾದ ಗಂಟಲಿನಲ್ಲಿ ಅಕ್ಕನ ಹೆಸರು ಓದಿದಳು. ‘ಮತ್ತು’ ಅಂದು ಒಂದು ಕ್ಷಣ ನಿಲ್ಲಿಸಿದಳು. ಆಮೇಲೆ ಅವನ ಹೆಸರು. ಹಾಡು ಶುರುವಾಯಿತು. ಅದನ್ನು ಯಾರೂ ಕೇಳಲಿಲ್ಲ. ಚಿಕ್ಕಪ್ಪ ಟೀ ಲೋಟ ಕೆಳಗಿಟ್ಟು ಎದ್ದು ಬಂದರು.

ಮನೆಯಲ್ಲಿ ಅಪ್ಪ ಕೂಗಾಡಲಿಲ್ಲ. ಅದೇ ಭಯ ಆಗಿದ್ದು.

“ನೀನೇನವ್ವ ಬರ್ಸಿದ್ದು?”

“ನಾ ಬರ್ಸಿಲ್ಲ ಕಣಪ್ಪ. ಅವ್ವನಾಣೆಗೂ ಇಲ್ಲ,” ಅಂದಳು ಅಕ್ಕ.

“ಅವ್ಳಿಗೆ ಬರಿಯಾಕ್ ಬತ್ತದಾ?” ಅಂದರು ಚಿಕ್ಕಪ್ಪ. “ಇದು ಆ ಬಟ್ಟೆ ಮಾರೋನ್ದೇ ಕಿತಾಪತಿ. ಟವಲ್ ಬಿಡ್ಸದು, ಮಡ್ಸದು, ಬಿಡ್ಸದು, ಮಡ್ಸದು. ನಂಗ್ ಆಗ್ಲೇ ಗೊತ್ತಿತ್ತು.”

ಅಪ್ಪ ನನ್ನ ಕಡೆ ತಿರುಗಿದರು. “ನೀನೇನಾರ ಬರ್ದಾ ಅಮ್ಮಿ?”

ನಾನು ತಲೆ ಆಡಿಸಿದೆ. ಇಲ್ಲ ಅಂತ. ಅಷ್ಟೇ ನಾನು ಮಾಡಿದ್ದು.

ಮಾರನೆಯ ದಿನ ಚಿಕ್ಕಪ್ಪ ಬದನವಾಳಿಗೆ ಹೋಗಿ ಬಂದರು. ಅಲ್ಲಿಂದಾಚೆ ಬಟ್ಟೆಯ ಗಂಟು ಹೊತ್ತು ಒಬ್ಬ ವಯಸ್ಸಾದವರು ಬರತೊಡಗಿದರು. ಮೂರು ತಿಂಗಳಿಗೆ ಅಕ್ಕನನ್ನು ನರಸೀಪುರಕ್ಕೆ ಕೊಟ್ಟು ಮದುವೆ ಮಾಡಿದರು. ಭಾವ ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಮೆತ್ತಗಿನ ಮನುಷ್ಯ. ಆರು ವರ್ಷದ ಹಿಂದೆ ಹೋಗಿಬಿಟ್ಟರು. ಅಕ್ಕನ ಬಾಳು ಕೆಟ್ಟಿತು ಅಂತ ನಾನು ಹೇಳಲಾರೆ. ಆದರೆ ಅವಳನ್ನು ಆ ಬಾಳಿಗೆ ಹಿಂದಿನಿಂದ ತಳ್ಳಿದ ಕೈ ನನ್ನದು. ಅದು ಅವಳಿಗೆ ಗೊತ್ತಿರಲಿಲ್ಲ.

ಇಷ್ಟನ್ನೂ ಮೊಮ್ಮಗಳ ಪಟ್ಟಿಗೆ ಅಂತ ಟೈಪ್ ಮಾಡುವುದಕ್ಕೆ ನನಗೆ ಎರಡು ಮಧ್ಯಾಹ್ನ ಹಿಡಿಯಿತು. ಕಳಿಸುವ ಗುರುತಿನ ಮೇಲೆ ಬೆರಳಿಟ್ಟವಳು ತೆಗೆದೆ. ಊರಿಗೆ ಹೇಳುವ ಮುಂಚೆ ಅಕ್ಕನಿಗೆ ಹೇಳಬೇಡವೇ? ಮಾರನೆಯ ಬೆಳಿಗ್ಗೆ ನರಸೀಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ‘ಅಕ್ಕ, ನಾನು ಸಣ್ಣವಳಿದ್ದೆ’ ಅಂತ ಶುರು ಮಾಡುವುದೋ, ‘ಅಕ್ಕ, ನನಗೆ ಎರಡು ಬಾರಿಸು’ ಅಂತ ಶುರು ಮಾಡುವುದೋ ಅನ್ನುವುದು ಇಳಿಯುವವರೆಗೂ ತೀರ್ಮಾನವಾಗಲಿಲ್ಲ.

ಅಕ್ಕ ಹಿತ್ತಲಿನ ಕಟ್ಟೆಯ ಮೇಲೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು.

“ಏನಮ್ಮಿ, ಏಳ್ದೆ ಕೇಳ್ದೆ ಬಂದ್ಬುಟ್ಟೆ? ಮೊಮ್ಮಗಳ ಜತೆ ಜಗ್ಳ ಆಡ್ಕಂಡು ಬಂದ್ಯಾ?”

“ಇಲ್ಲ ಕಣಕ್ಕ. ನಿನ್ತಾವ ಒಂದ್ ಮಾತಾಡ್ಬೇಕಿತ್ತು.”

“ಆಡು. ಕೈಗೇನು ರಜವಾ? ಸೊಪ್ ಬಿಡ್ಸು.”

ಒಂದು ಹಿಡಿ ಸೊಪ್ಪು ತೆಗೆದುಕೊಂಡೆ. “ಅಕ್ಕ, ಅವತ್ತು ನವೆಂಬರ್ ಒಂದ್ನೇ ತಾರೀಕು ರೇಡಿಯೋದಲ್ಲಿ ನಿನ್ನ ಎಸ್ರು ಬಂತಲ್ಲ…”

ಅಕ್ಕನ ಕೈ ನಿಂತಿತು. ಅಡುಗೆಮನೆಯ ಕಡೆ ನೋಡಿದಳು. ಸೊಸೆ ಒಳಗೆ ಮಿಕ್ಸಿ ಹಾಕಿದ್ದಳು.

“ಅದ್ಯಾಕೆ ಈಗ ಗ್ಯಾಪಕ ಬಂತು ನಿಂಗೆ?” ಅಂದಳು ದನಿ ಇಳಿಸಿ. “ನಾನಂತೂ ಒಂದ್ ವರ್ಷಾನೂ ಮರ್ತಿಲ್ಲ. ಎಂಥ ಧೈರ್ಯ ಅಮ್ಮಿ ಅವುನ್ಗೆ! ಎದ್ರಿಗ್ ನಿಂತ್ರೆ ಟವಲ್ ಬೆಲೆ ಬಿಟ್ಟು ಇನ್ನೊಂದ್ ಮಾತ್ ಆಡ್ದೋನಲ್ಲ. ಊರ್ಗ್ ಊರೇ ಕೇಳಂಗೆ ನನ್ನ ಎಸ್ರ ಏಳ್ಸ್‌ಬುಟ್ನಲ್ಲ!”

ಜೋಡಿಸಿಕೊಂಡು ಬಂದಿದ್ದ ಮಾತು ಬಿಟ್ಟು ಬೇರೆ ಮಾತು ತೆಗೆದೆ.

“ನೀ ಯಾರ್ತಾವೂ ಇದ್ನ ಏಳಿಲ್ವಲ್ಲಕ್ಕ.”

“ನಿಮ್ ಭಾವುಂಗೆ ಏಳಿದ್ದೆ. ಮದ್ವೆಯಾದ್ ವರ್ಸ್ವೇ.”

“ಅಯ್ಯೋ! ಏನಂದ್ರು?”

“‘ನನ್ ಕೈಲಾದ್ರೆ ಅಂಥದ್ದೆಲ್ಲ ಆಯ್ತಿರ್ಲಿಲ್ಲ ಕಣೆ’ ಅಂದ್ರು. ಅಂದ್ಬುಟ್ಟು ನಕ್ರು.” ಅಕ್ಕನೂ ನಕ್ಕಳು. ಆಮೇಲೆ ಸೊಪ್ಪಿನ ದಂಟು ಮುರಿಯುತ್ತಾ ಹೇಳಿದಳು: “ಎಸ್ರಿಡ್ದು ಕರೆಯೋರು ಬೇಕಾದಷ್ಟ್ ಜನ ಅವ್ರೆ ಅಮ್ಮಿ. ನೀರ್ ತಾ, ಅನ್ನ ಬಡ್ಸು, ಮಗೀನ ಎತ್ಕೋ. ಏನೂ ಕೆಲ್ಸ ಏಳ್ದೆ, ಸುಮ್ಕೆ ನನ್ನ ಎಸ್ರ ಕರ್ದೋನು ಅವ್ನೊಬ್ಬನೇ.”

ನಾನು ಎಲೆಯನ್ನು ಕಸಕ್ಕೆ ಹಾಕಿ ದಂಟನ್ನು ಮೊರಕ್ಕೆ ಹಾಕುತ್ತಿದ್ದೆ.

“ಲೇ, ಕಣ್ ಕಾಣದಾ ನಿಂಗೆ? ದಂಟ್ ಬೇಯ್ಸಿ ಇಕ್ಕ್ಲಾ?” ಅಂತ ಅಕ್ಕ ಕೈಗೆ ಒಂದು ಏಟು ಕೊಟ್ಟಳು. ನನಗೆ ಬರಬೇಕಾಗಿದ್ದದ್ದೇ, ಬೇರೆ ಕಾರಣಕ್ಕೆ ಬಂತು.

ಹೇಳಿದ್ದರೆ ನನ್ನ ಎದೆ ಹಗುರಾಗುತ್ತಿತ್ತು. ಆದರೆ ಅವಳು ಐವತ್ತು ವರ್ಷ ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡದ್ದನ್ನು ಕಿತ್ತುಕೊಂಡು ನಾನು ಹಗುರಾಗಬೇಕೇ? ಆ ಹುಡುಗನ ಯೋಚನೆಯೂ ಬಂತು. ಚಿಕ್ಕಪ್ಪ ಹೋಗಿ ಬೈದಾಗ ಅವನೇನು ಅಂದುಕೊಂಡಿರಬಹುದು? ಅಕ್ಕನೇ ಯಾರ ಕೈಲೋ ಬರೆಸಿದ್ದಾಳೆ ಅಂತಲೇ ಅಲ್ಲವೇ? ಇಬ್ಬರೂ ಬರೆಯದ ಒಂದು ಕಾರ್ಡನ್ನು ಇಬ್ಬರೂ, ಬೇರೆ ಬೇರೆ ಊರಿನಲ್ಲಿ, ಇಷ್ಟು ವರ್ಷ ಜೋಪಾನ ಮಾಡಿರಬಹುದು. ನಾನು ಬಾಯಿ ಮುಚ್ಚಿಕೊಂಡೆ. ಅವತ್ತು ಭಯಕ್ಕೆ ಮುಚ್ಚಿದ್ದೆ. ಇದು ಹಾಗಲ್ಲ.

ಸೊಪ್ಪು ಮುಗಿಯುವ ಹೊತ್ತಿಗೆ ಅಕ್ಕ ಕೇಳಿದಳು: “ನೀನೀಗ ಫೋನಲ್ಲಿ ಬರೀತೀಯಂತಲ್ಲ?”

“ಬರೀತೀನಿ. ನಿಧಾನ.”

“ರೇಡಿಯೋಕೆ ಈಗ ಕಾರ್ಡ್ ಬ್ಯಾಡ್ವಂತೆ, ಫೋನಲ್ಲೇ ಕಳ್ಸ್ಬೌದಂತೆ. ಸೊಸೆ ಏಳ್ತಿದ್ಲು. ಒಂದ್ ಕಳ್ಸು. ಒಂದ್ನೇ ತಾರೀಕ್ಗೇ ಬರ್ಬೇಕು.”

“ಯಾರ್ ಎಸ್ರಿಗೆ?”

“ಯಾರ್ ಎಸ್ರಿಗೆ ಅಂದ್ರೆ! ಅವ್ನು ಅಷ್ಟ್ ಮಾಡುದ್ಮೇಲೆ ನಾನು ತಿರ್ಗ ಒಂದ್ ಮಾತೂ ಏಳ್ನಿಲ್ಲ. ಬರಿಯಾಕ್ ಬಂದಿದ್ರೆ ಯಾವತ್ತೋ ಏಳ್ತಿದ್ದೆ.”

“ಅವ್ನು ಬದ್ಕವ್ನೋ ಇಲ್ವೋ ಅಕ್ಕ.”

“ಇದ್ರೆ ಅವ್ನು ಕೇಳ್ಸ್ಕತಾನೆ. ಇಲ್ದಿದ್ರೆ ನಾನ್ ಕೇಳ್ಸ್ಕತೀನಿ. ಅವತ್ತಿನ್ ಹಾಡೇ ಇರ್ಲಿ. ಅವತ್ತಿನಂಗೇ ನನ್ನ ಎಸ್ರು ಮುಂದ್ಕಾಕು. ಆದ್ರೆ ಈ ಸಲ ಕೇಳ್ತಿರೋಳು ನಾನು.”

ಮಿಕ್ಸಿ ನಿಂತಿತ್ತು, ಆದ್ದರಿಂದ ಅಕ್ಕ ಪಿಸುಪಿಸು ಅಂತಲೇ ಹೇಳಿದಳು, ನಾನು ಒಂದೊಂದು ಅಕ್ಷರ ಹುಡುಕಿ ಒತ್ತಿದೆ. ಅವಳು ಹೇಳಿದ್ದಕ್ಕೆ ಒಂದು ಸೇರಿಸಲಿಲ್ಲ, ಒಂದು ಬಿಡಲಿಲ್ಲ. ಮೂರು ಸಲ ಓದಿಸಿದಳು. ಮೂರು ಸಲವೂ ಅವನ ಹೆಸರು ಬಂದಾಗ ಸೆರಗು ಸರಿ ಮಾಡಿಕೊಂಡಳು. ಕಳಿಸಿದೆ.

ಮನೆಗೆ ಬಂದು ಮೊಮ್ಮಗಳಿಗೆ ಹೇಳಿದೆ, ನನ್ನದು ಪಟ್ಟಿಗೆ ಬೇಡ ಅಂತ. “ಗೊತ್ತಿತ್ತು ಅಜ್ಜಿ, ಬರೀ ಡವ್ ಹೊಡೀತಿದ್ದೆ ನೀನು,” ಅಂದಳು. ಹೌದು ಅಂದೆ. ಅಕ್ಕ ಓದುವವಳಲ್ಲವಾದ್ದರಿಂದ ಇಲ್ಲಿ ಬರೆದಿದ್ದೇನೆ. ನರಸೀಪುರದ ಕಡೆಯವರು ಯಾರಾದರೂ ಓದಿದರೆ, ನಿಮ್ಮ ಬೀದಿಯ ಯಾವ ಅಜ್ಜಿಗೂ ಇದನ್ನು ಓದಿ ಹೇಳಬೇಡಿ. ನಿಮ್ಮ ಕಾಲಿಗೆ ಬೀಳುತ್ತೇನೆ.

ನವೆಂಬರ್ ಒಂದರಂದು ಮತ್ತೆ ನರಸೀಪುರಕ್ಕೆ ಹೋದೆ. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಹಿತ್ತಲಿನಲ್ಲಿ ಫೋನನ್ನು ನಡುವೆ ಇಟ್ಟುಕೊಂಡು ಕೂತೆವು. ಜಾಹೀರಾತು, ಹಾಡು, ಮತ್ತೆ ಜಾಹೀರಾತು. ರೇಡಿಯೋದ ಹುಡುಗಿ ಬಸ್ಸಿಗೆ ಹೊತ್ತಾದವಳ ಹಾಗೆ ಹೆಸರುಗಳನ್ನು ಓದುತ್ತಿದ್ದಳು. ಒಂದು ಗಂಟೆ ಕಳೆಯಿತು. ಬರುವುದಿಲ್ಲವೇನೋ ಅಂತ ನನಗೆ ಅನ್ನಿಸತೊಡಗಿತ್ತು. ಅಷ್ಟರಲ್ಲಿ ಅಕ್ಕನ ಹೆಸರು ಬಂತು. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅದರ ಹಿಂದೆಯೇ ಅವನ ಹೆಸರು, ಅವನ ಊರು. “ಇಬ್ಬರಿಗೂ ರಾಜ್ಯೋತ್ಸವದ ಶುಭಾಶಯಗಳು” ಅಂದಳು ಆ ಹುಡುಗಿ, ನಗುತ್ತಾ.

ಹಾಡು ಶುರುವಾಯಿತು.

ಅಕ್ಕ ನನ್ನ ಕೈ ಬಿಟ್ಟು, “ಸಾಕು, ಆರ್ಸು,” ಅಂದಳು.

“ಹಾಡು ಕೇಳಲ್ವಾ ಅಕ್ಕ?”

“ಹಾಡು ದಿನಾ ಬತ್ತದೆ ಕಣಮ್ಮಿ.”

ನಾನು ಆರಿಸಿದೆ.