ಗ್ಯಾಲರಿಯ ಕೆಳಗೆ ಅಪ್ಪ

ನಾಲ್ಕು ರಾಕ್ ಬ್ಯಾಂಡುಗಳು ಒಂದೇ ಬಸ್ಸಿನಲ್ಲಿ ಊರೂರು ಸುತ್ತುತ್ತಾ ಅರಸೀಕೆರೆಗೂ ಬರುತ್ತವೆ ಎಂಬ ಪೋಸ್ಟರನ್ನು ಮೊದಲು ನೋಡಿದವಳು ನನ್ನ ಗೆಳತಿ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಕೊಬ್ಬರಿ ಹರಾಜಿನ ನೋಟೀಸಿನ ಪಕ್ಕ ಅಂಟಿಸಿದ್ದರು. ತುಮಕೂರು, ಅರಸೀಕೆರೆ, ಹಾಸನ, ಶಿವಮೊಗ್ಗ, ಎಲ್ಲ ಕಡೆಯೂ ಸ್ಟೇಡಿಯಂನಲ್ಲೇ ಕಾರ್ಯಕ್ರಮ. ನಮ್ಮೂರಿನ ಸ್ಟೇಡಿಯಂ ಎಂದರೆ ಒಂದು ಪಕ್ಕ ಕಲ್ಲಿನ ಮೆಟ್ಟಿಲು, ಉಳಿದ ಮೂರು ಪಕ್ಕ ತಂತಿ ಬೇಲಿ. ಅಲ್ಲಿಗೆ ಗಿಟಾರು, ಡ್ರಮ್ಮು ಹೊತ್ತುಕೊಂಡು ಬೆಂಗಳೂರಿನವರು ಬರುತ್ತಾರೆ ಎನ್ನುವುದನ್ನು ಕಾಲೇಜಿನಲ್ಲಿ ಬಹಳ ಜನ ನಂಬಲೇ ಇಲ್ಲ.

ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳು ಅವು. ನಾವಿಬ್ಬರೂ ಎರಡನೇ ವರ್ಷದ ಬಿ.ಎ. ಅವಳದು ಹಳೇಬೀಡಿನ ಹತ್ತಿರದ ಹುಲಿಕೆರೆ, ಅರಸೀಕೆರೆಯ ಹಾಸ್ಟೆಲಿನಲ್ಲಿದ್ದಳು. ನಾನು ರೈಲ್ವೆ ಕ್ವಾರ್ಟರ್ಸಿನವಳು. ಆ ನಾಲ್ಕರಲ್ಲಿ ಒಂದು ಬ್ಯಾಂಡಿನ ಕ್ಯಾಸೆಟ್ಟು ಅವಳ ಬಳಿ ಇತ್ತು, ಯಾರಿಂದಲೋ ಕಾಪಿ ಮಾಡಿಸಿಕೊಂಡದ್ದು. ಅಪ್ಪ ಡ್ಯೂಟಿಗೆ ಹೋದ ಮೇಲೆ ನಮ್ಮ ಮನೆಯ ಟೇಪ್ ರೆಕಾರ್ಡರಿನಲ್ಲಿ ಹಾಕಿಕೊಂಡು ಕೇಳುತ್ತಿದ್ದೆವು. ಅರ್ಧ ಮಾತು ಅರ್ಥವಾಗುತ್ತಿರಲಿಲ್ಲ. ಅವಳು ಅಕ್ಕಿ ಡಬ್ಬ ಬಡಿಯುತ್ತಾ ಕುಣಿಯುತ್ತಿದ್ದಳು.

ಅಪ್ಪ ರೈಲ್ವೆಯಲ್ಲಿ ಕೀಮ್ಯಾನ್. ದಿನಾ ಬೆಳಿಗ್ಗೆ ಹೆಗಲಿಗೆ ಸುತ್ತಿಗೆ, ಸ್ಪ್ಯಾನರು, ಕೆಂಪು ಮತ್ತು ಹಸಿರು ಬಾವುಟ ಹೊತ್ತು ತನ್ನ ಪಾಲಿನ ಹಳಿಯ ಉದ್ದಕ್ಕೂ ನಡೆದು ಹೋಗಿ ನಡೆದು ಬರುವುದು, ಸಡಿಲವಾದ ಬೋಲ್ಟು, ಕೀಲಿಗಳನ್ನು ಬಿಗಿ ಮಾಡುವುದು ಅವನ ಕೆಲಸ. ಮಾತು ಕಡಿಮೆ. ಕಾರ್ಯಕ್ರಮಕ್ಕೆ ಹೋಗಬೇಕೆಂದು ಕೇಳಿದಾಗ ಮೂರು ದಿನ ಏನೂ ಹೇಳಲಿಲ್ಲ. ಆಮೇಲೆ, ಮಧ್ಯಾಹ್ನ ಮೂರಕ್ಕೆ ಶುರುವಾಗಿ ಕತ್ತಲಾಗುವುದರೊಳಗೆ ಮುಗಿಯುವುದಾದರೆ ಹೋಗಿ, ನಾನು ಬೇಲಿಯ ಹೊರಗೆ ಕಾದಿರುತ್ತೇನೆ ಎಂದ. ಆ ಭಾನುವಾರ ಡ್ಯೂಟಿಯಿಂದ ನೇರ ಅಲ್ಲಿಗೇ ಬಂದ, ಹೆಗಲ ಚೀಲದ ಸಮೇತ.

ಹೆಂಗಸರಿಗೆಂದು ಪೂರ್ವದ ಕಡೆ ಹೊಸದಾಗಿ ಗ್ಯಾಲರಿ ಕಟ್ಟಿದ್ದರು. ಮನೆ ಕಟ್ಟುವಾಗ ಬಳಸುವಂಥ ಕಬ್ಬಿಣದ ಪೈಪುಗಳನ್ನು ಕ್ಲ್ಯಾಂಪು ಹಾಕಿ ಜೋಡಿಸಿ, ಮೇಲೆ ಮರದ ಹಲಗೆ ಹಾಸಿದ್ದರು. ಚೆನ್ನಾಗಿ ಕಾಣಲಿ ಎಂದು ನಾವು ತುತ್ತತುದಿಯ ಸಾಲಿಗೆ ಹತ್ತಿದೆವು. ಮೊದಲ ಎರಡು ಬ್ಯಾಂಡಿನವರು ಹಾಡುವಾಗ ಎಲ್ಲರೂ ಕೂತೇ ಇದ್ದರು. ಹೇಗೆ ಕೇಳಬೇಕು ಎನ್ನುವುದೇ ಜನಕ್ಕೆ ಗೊತ್ತಾಗುತ್ತಿರಲಿಲ್ಲ. ಮೂರನೆಯದು ನಮ್ಮ ಕ್ಯಾಸೆಟ್ಟಿನ ಬ್ಯಾಂಡು. ಭುಜದವರೆಗೆ ಕೂದಲು ಬಿಟ್ಟಿದ್ದ ಅದರ ಹಾಡುಗಾರ ಕೈ ಮೇಲೆತ್ತಿ, ಎದ್ದು ಕುಣಿಯಿರಿ ಎಂದು ಸನ್ನೆ ಮಾಡಿದ. ಮೊದಲು ಎದ್ದವಳು ನನ್ನ ಗೆಳತಿ. ಇಬ್ಬರೂ ಚಪ್ಪಲಿ ಬಿಟ್ಟು ಹಲಗೆಯ ಮೇಲೇ ನಿಂತೆವು. ನೋಡನೋಡುತ್ತಿದ್ದಂತೆ ಇಡೀ ಗ್ಯಾಲರಿ ಎದ್ದು ಕುಣಿಯತೊಡಗಿತು.

ಸ್ವಲ್ಪ ಹೊತ್ತಿಗೆ ನನ್ನ ಅಂಗಾಲಿಗೆ ಏನೋ ತಿಳಿಯಿತು. ನಾವು ನೆಗೆದು ಇಳಿದ ಮೇಲೆ, ಒಂದು ಕ್ಷಣ ತಡವಾಗಿ, ಹಲಗೆ ಇಳಿಯುತ್ತಿತ್ತು. ನಾನು ಕುಣಿಯುವುದನ್ನು ನಿಲ್ಲಿಸಿದೆ. ಆದರೂ ಕಾಲ ಕೆಳಗೆ ಅದು ಏಳುತ್ತಿತ್ತು, ಬೀಳುತ್ತಿತ್ತು. ಗೆಳತಿಯ ಕಿವಿಯಲ್ಲಿ ಹೇಳಿದೆ. ಉಯ್ಯಾಲೆ ಥರ ಐತೆ ಕಣೇ ಎಂದು ನಕ್ಕಳು. ನಾನೂ ನಕ್ಕೆ. ಆದರೆ ಮತ್ತೆ ಕುಣಿಯಲಿಲ್ಲ.

ಆಗ ಕೆಳಗೆ ಅಪ್ಪ ಕಂಡ. ಬೇಲಿ ನುಸುಳಿ ಒಳಗೆ ಬಂದಿದ್ದ. ಮೇಲೆ ನೋಡುತ್ತಾ ನನ್ನ ಕಣ್ಣು ತನ್ನ ಮೇಲೆ ಬೀಳಲಿ ಎಂದು ಕಾಯುತ್ತಿದ್ದ. ನಾನು ನೋಡಿದ ಕೂಡಲೇ ಕೈ ಬೀಸಲಿಲ್ಲ, ಕೂಗಲಿಲ್ಲ. ಒಂದು ಬೆರಳು ತೋರಿಸಿ, ನೀನು, ಕೆಳಗೆ ಬಾ ಎಂದು ಸನ್ನೆ ಮಾಡಿದ. ಅಪ್ಪ ಕರೀತೈತೆ, ಈಗ ಬಂದೆ, ಜಾಗ ನೋಡ್ಕೊ ಎಂದು ಗೆಳತಿಗೆ ಹೇಳಿ ಬರಿಗಾಲಲ್ಲೇ ಇಳಿದೆ. ಚಪ್ಪಲಿ, ಚೀಲ ಅಲ್ಲೇ ಉಳಿದವು. ಟಿಕೆಟ್ಟು ಮಾತ್ರ ಕೈಯಲ್ಲಿತ್ತು, ಮತ್ತೆ ಹತ್ತಲು ಬೇಕಾಗುತ್ತದೆಂದು.

ಅಪ್ಪನ ಮುಖದಲ್ಲಿ ಹೆದರಿಕೆ ಇತ್ತು. ಅವನು ಹೆದರಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಗ್ಯಾಲರಿಯ ಬಲಗಡೆಯ ಮೂಲೆಗೆ ಕರೆದುಕೊಂಡು ಹೋಗಿ ತೋರಿಸಿದ. ಕಂಬದ ಬುಡಕ್ಕೆ ಇಟ್ಟಿಗೆ ಕೊಟ್ಟಿದ್ದರು. ಮೇಲೆ ಜನ ನೆಗೆದಾಗೆಲ್ಲ ಕಂಬ ಇಟ್ಟಿಗೆಯಿಂದ ಬೆರಳುದ್ದ ಮೇಲೆದ್ದು ಮತ್ತೆ ಕುಕ್ಕುತ್ತಿತ್ತು. ಇಟ್ಟಿಗೆ ಪುಡಿಯಾಗುತ್ತಿತ್ತು. ಕ್ಲ್ಯಾಂಪಿನ ಒಂದು ನಟ್ಟು ಆಗಲೇ ಬಿಚ್ಚಿ ಮಣ್ಣಿನಲ್ಲಿ ಬಿದ್ದಿತ್ತು. ಅದರ ಮೇಲಿನದು ತಿರುಗುತ್ತಿತ್ತು. ಯಾರೂ ಮುಟ್ಟದೆ, ತನ್ನಷ್ಟಕ್ಕೆ ತಾನೇ. ಸಂಘಟಕರ ಕಡೆಯ ಇಬ್ಬರಿಗೆ ಅಪ್ಪ ಹೇಳಿದ್ದನಂತೆ. ಒಬ್ಬ ನಕ್ಕನಂತೆ, ಇನ್ನೊಬ್ಬ ಟಿಕೆಟ್ ತೋರಿಸು ಎಂದನಂತೆ.

ನಿನ್ನ ಚೀಲದಲ್ಲಿ ಕೆಂಪು ಬಾವುಟ ಇದೆಯಲ್ಲ, ತೋರಿಸಪ್ಪ ಎಂದೆ.

"ತೋರ್ಸಿದ್ರೆ ಎಲ್ಲಾ ಒಂದೇ ಸಲಕ್ಕೆ ಇಳೀತಾರೆ ಕಣವ್ವ. ಆಗ ಬಿದ್ದೇ ಬೀಳ್ತೈತೆ. ಮೊದ್ಲು ಕುಣಿಯೋದು ನಿಲ್ಬೇಕು. ಅದು ಅವನ ಕೈಲಿ ಮಾತ್ರ ಆಗೋದು" ಎಂದು ವೇದಿಕೆಯ ಕಡೆ ತೋರಿಸಿದ. "ನೀನು ಹೋಗು. ಓಡ್ಬೇಡ. ನೀನು ಓಡೋದು ನೋಡಿದ್ರೆ ಇವ್ರೂ ಓಡ್ತಾರೆ."

ನೀನು ಏನು ಮಾಡುತ್ತೀಯ ಎಂದು ಕೇಳುವಷ್ಟರಲ್ಲಿ ಅಪ್ಪ ಬಗ್ಗಿ ಗ್ಯಾಲರಿಯ ಕೆಳಗೆ ನುಸುಳಿದ್ದ.

ಆ ಮೈದಾನವನ್ನು ದಾಟಿದ್ದು ನನಗೆ ಇವತ್ತಿಗೂ ಹೆಜ್ಜೆ ಹೆಜ್ಜೆಯಾಗಿ ನೆನಪಿದೆ. ಓಡಬಾರದು. ಡ್ರಮ್ಮಿನ ಏಟು ಪಕ್ಕೆಲುಬಿಗೆ ಬಡಿಯುತ್ತಿತ್ತು. ಪ್ರತಿ ಏಟಿಗೂ ಕಂಬ ಎದ್ದಿತು, ಕಂಬ ಕೂತಿತು ಎಂದು ಮನಸ್ಸು ಹೇಳುತ್ತಿತ್ತು. ಒಮ್ಮೆ ತಿರುಗಿ ನೋಡಿದೆ. ಮೇಲಿನ ಸಾಲಿನಲ್ಲಿ ಗೆಳತಿಯ ಎತ್ತಿದ ಕೈಗಳು, ಕೆಳಗೆ ಪೈಪುಗಳ ನಡುವೆ ಅಪ್ಪನ ಎರಡು ಅಂಗಾಲು. ಮತ್ತೆ ತಿರುಗಲಿಲ್ಲ.

ವೇದಿಕೆಯ ಮೆಟ್ಟಿಲ ಬಳಿ ಬ್ಯಾಡ್ಜು ಹಾಕಿದ್ದವನಿಗೆ ಏನು ಕಿರುಚಿದರೂ ಕೇಳಿಸಲಿಲ್ಲ. ಅವನ ಜೇಬಿನಿಂದಲೇ ಪೆನ್ನು ಕಿತ್ತುಕೊಂಡು ಟಿಕೆಟ್ಟಿನ ಹಿಂದೆ ಬರೆದೆ: ಹೆಂಗಸರ ಗ್ಯಾಲರಿ ಬೀಳುತ್ತಿದೆ. ನಮ್ಮಪ್ಪ ಅದರ ಕೆಳಗಿದ್ದಾನೆ. ಓಡಿ ಎಂದು ಹೇಳಬೇಡಿ. ಇಂಗ್ಲಿಷಿನಲ್ಲಿ ಬರೆಯಬೇಕು ಎನ್ನುವುದು ಹೊಳೆಯಲೂ ಇಲ್ಲ. ಬ್ಯಾಡ್ಜಿನವನು ಇನ್ನಾರನ್ನೋ ತಡೆಯಲು ಆಚೆ ತಿರುಗಿದ. ನಾನು ಮೆಟ್ಟಿಲು ಹತ್ತಿಬಿಟ್ಟೆ.

ಜನ ಶಿಳ್ಳೆ ಹೊಡೆದರು. ಹುಚ್ಚು ಅಭಿಮಾನಿ ಅಂದುಕೊಂಡಿರಬೇಕು. ಹಾಡುಗಾರನೂ ಹಾಗೇ ಅಂದುಕೊಂಡ. ನಗುತ್ತಾ ನನ್ನ ಕೈಯಿಂದ ಟಿಕೆಟ್ಟು, ಪೆನ್ನು ಎರಡನ್ನೂ ತೆಗೆದುಕೊಂಡು ಹಸ್ತಾಕ್ಷರ ಹಾಕಲು ಹೋದ. ಪೆನ್ನು ಅರ್ಧಕ್ಕೇ ನಿಂತಿತು. ಓದಿದ. ಗ್ಯಾಲರಿಯ ಕಡೆ ನೋಡಿದ. ಇನ್ನೊಮ್ಮೆ ಓದಿದ. ಇಪ್ಪತ್ತೈದರ ಮೇಲಿರಲಾರದ ಹುಡುಗ. ಅವನ ಮುಖದ ಬಣ್ಣ ಇಳಿದದ್ದನ್ನು ಅಷ್ಟು ಹತ್ತಿರದಿಂದ ನೋಡಿದವಳು ನಾನೊಬ್ಬಳೇ.

ಅವನು ಹಾಡನ್ನು ತಟ್ಟನೆ ನಿಲ್ಲಿಸಲಿಲ್ಲ. ಬೆನ್ನ ಹಿಂದೆ ಕೈ ಮಾಡಿ ಡ್ರಮ್ಮಿನವನಿಗೆ ಸನ್ನೆ ಕೊಟ್ಟ. ಡ್ರಮ್ಮು ನಿಧಾನವಾಯಿತು, ಆಮೇಲೆ ಇಲ್ಲವಾಯಿತು. ಒಂದು ಗಿಟಾರು ಮಾತ್ರ ಮೆಲ್ಲಗೆ ನುಡಿಯುತ್ತಿತ್ತು.

"ಎಲ್ಲರೂ ಕೂತ್ಕೊಳ್ಳಿ" ಎಂದ ಮೈಕಿನಲ್ಲಿ. "ಮುಂದಿನದು ಕೂತು ಕೇಳೋ ಹಾಡು. ಲೇಡೀಸ್ ತುಂಬಾ ದೂರ ಇದ್ದೀರ. ಕೆಳಗೆ ಬಂದು ಸ್ಟೇಜ್ ಮುಂದೆ ಕೂತ್ಕೊಳ್ಳಿ. ಕೆಳಗಿನ ಸಾಲು ಮೊದಲು, ಅವರು ಬಂದಮೇಲೆ ಅದರ ಮೇಲಿನ ಸಾಲು. ಯಾರಾದ್ರೂ ಓಡಿದ್ರೆ ನಾನು ಹಾಡಲ್ಲ."

ಗಂಡಸರ ಕಡೆಯಿಂದ ಗಲಾಟೆ ಎದ್ದಿತು. ಅವನು ಲೆಕ್ಕಿಸಲಿಲ್ಲ. ಮೈಕಿನಿಂದ ಮುಖ ತಿರುಗಿಸಿ ನನಗೆ, ಇಲ್ಲೇ ನಿಂತ್ಕೊಳ್ಳಿ, ನೀವು ಅಳ್ತಿರೋದು ಅವರಿಗೆ ಕಾಣಬಾರದು ಎಂದು ಹೇಳಿ ದೊಡ್ಡ ಸ್ಪೀಕರಿನ ಮರೆಗೆ ಸರಿಸಿದ. ಅಳುತ್ತಿದ್ದೇನೆ ಎನ್ನುವುದು ನನಗೆ ಆಗಲೇ ಗೊತ್ತಾದದ್ದು. ಅವನು ಹಾಡತೊಡಗಿದ. ಯಾವ ಹಾಡೋ, ಒಂದು ಪದವೂ ಕಿವಿಗೆ ಬೀಳಲಿಲ್ಲ.

ಸ್ಪೀಕರಿನ ಸಂದಿಯಿಂದ ನೋಡುತ್ತಿದ್ದೆ. ಮೊದಲ ಸಾಲು ಇಳಿಯಿತು. ಎರಡನೆಯದು. ಮಕ್ಕಳನ್ನು ಎತ್ತಿಕೊಂಡು, ಸೆರಗು ಸರಿಮಾಡಿಕೊಳ್ಳುತ್ತಾ, ಮದುವೆ ಊಟಕ್ಕೆ ಎದ್ದವರ ಹಾಗೆ ಇಳಿಯುತ್ತಿದ್ದರು. ಬೇಗ ಬನ್ನಿ ಎಂದು ಕಿರುಚಬೇಕೆನಿಸಿ ಬಾಯಿಗೆ ದುಪಟ್ಟಾ ತುರುಕಿಕೊಂಡೆ. ತುದಿಯ ಸಾಲು ಕೊನೆಯದು. ಅಲ್ಲಿ ಅವಳು ಕೂತೇ ಇದ್ದಳು. ಕೆಳಗೆ ಅಪ್ಪನ ಸುತ್ತಿಗೆಯ ಸದ್ದು ಕೇಳಿದಂತೆ ಅನಿಸುತ್ತಿತ್ತು. ಅಷ್ಟು ದೂರಕ್ಕೆ ಅದು ಕೇಳಿಸುವುದು ಸಾಧ್ಯವೇ ಇರಲಿಲ್ಲ.

ಕೊನೆಯ ಸಾಲು ಏಳುತ್ತಿದ್ದಾಗ ಬಲಗಡೆಯ ಮೂಲೆ ಕುಸಿಯಿತು. ದೊಡ್ಡ ಸದ್ದೇನೂ ಬರಲಿಲ್ಲ. ಪೈಪುಗಳು ಒಂದಕ್ಕೊಂದು ತಗುಲಿದ ಸದ್ದು, ಹಲಗೆ ಜಾರಿದ ಸದ್ದು, ಆಮೇಲೆ ಧೂಳು. ಹತ್ತು ಹನ್ನೆರಡು ಹೆಂಗಸರು ಆ ಧೂಳಿನೊಳಗೆ ಹೋದರು. ಈಗ ಓಡಿದೆ.

ಅಪ್ಪ ಸತ್ತಿದ್ದಾನೆ ಎಂದೇ ತೀರ್ಮಾನಿಸಿಕೊಂಡು ಓಡಿದ್ದು. ಅವನು ಎಡಗಡೆಯಿಂದ ಮೊಣಕೈ ಊರಿಕೊಂಡು ಹೊರಗೆ ತೆವಳಿ ಬಂದ. ಅಂಗಿ ಹರಿದು ಬೆನ್ನು ರಕ್ತವಾಗಿತ್ತು. ಕಂಬಗಳ ಬುಡಕ್ಕೆ, ಅಲ್ಲೇ ಬಿದ್ದಿದ್ದ ಹಲಗೆ ಚೂರುಗಳನ್ನು ಬೆಣೆಯಾಗಿ ಹೊಡೆಯುತ್ತಾ ಬಲತುದಿಯಿಂದ ಎಡತುದಿಗೆ ಬಂದಿದ್ದ, ಅದಕ್ಕೇ ಉಳಿದಿದ್ದ. ನನ್ನ ಕಡೆ ನೋಡದೆ ನೇರ ಹೋಗಿ ಹಲಗೆ ಎತ್ತತೊಡಗಿದ. ನಾಲ್ಕನೆಯ ಹಲಗೆಯ ಕೆಳಗೆ ಗೆಳತಿ ಇದ್ದಳು, ಕೊರಳಿಗೆ ನನ್ನ ಚೀಲ ಹಾಕಿಕೊಂಡು. ಬಲಗೈ ಮೊಣಕೈಯಿಂದ ಆಚೆಗೆ ತಿರುಗಿತ್ತು. ಎಚ್ಚರ ಇತ್ತು. ನಿನ್ನ ಚಪ್ಪಲಿ ಒಂದೇ ಸಿಕ್ತು ಎಂದಳು.

ಯಾರೂ ಸಾಯಲಿಲ್ಲ. ಆದರೆ ನನ್ನ ಭಯ ಅಲ್ಲಿಗೆ ಮುಗಿಯಲಿಲ್ಲ. ಗಾಯವಾದವರನ್ನು ಆಟೋಗಳಲ್ಲಿ ಆಸ್ಪತ್ರೆಗೆ ಕಳಿಸಿದ ಮೇಲೆ ಸಂಘಟಕರ ಪೈಕಿ ಒಬ್ಬ ಅಪ್ಪನ ಕೊರಳಪಟ್ಟಿ ಹಿಡಿದ. ಇವನು ಸ್ಪ್ಯಾನರ್ ಹಿಡ್ಕೊಂಡು ಕೆಳಗಿದ್ದದ್ದನ್ನ ನಾನೇ ನೋಡಿದೆ, ಇವನೇ ಬಿಚ್ಚಿದ್ದು ಎಂದ. ಜನ ಸುತ್ತುಗಟ್ಟಿದರು. ತಂಗಿಯನ್ನೋ ಹೆಂಡತಿಯನ್ನೋ ಆಗಷ್ಟೇ ಆಟೋ ಹತ್ತಿಸಿ ಬಂದವರು. ಅವರ ಕಣ್ಣು ನೋಡಿ, ಗ್ಯಾಲರಿಗಿಂತ ಇದು ಕೆಟ್ಟದ್ದು ಅನಿಸಿತು. ಯಾರೋ ಹಿಂದಿನಿಂದ ಅಪ್ಪನ ತಲೆಗೆ ಹೊಡೆದರು. ಅಪ್ಪ ತನ್ನ ಕೈಯಲ್ಲಿದ್ದ ಸ್ಪ್ಯಾನರನ್ನೇ ನೋಡುತ್ತಾ ನಿಂತಿದ್ದ.

ಹಾಡುಗಾರ ಜನರನ್ನು ಸರಿಸಿಕೊಂಡು ಬಂದ. ಜೇಬಿನಿಂದ ಟಿಕೆಟ್ಟು ತೆಗೆದು, ನಾನು ಬರೆದದ್ದನ್ನು ಗಟ್ಟಿಯಾಗಿ ಎರಡು ಸಲ ಓದಿದ. "ಇವರ ಮಗಳು ಬಂದು ಇದನ್ನ ಕೊಟ್ಟಾಗ ಗ್ಯಾಲರಿ ನಿಂತಿತ್ತು. ಎಲ್ಲರೂ ಕುಣೀತಾ ಇದ್ರಿ. ನಾನೇ ಕುಣಿಸ್ತಾ ಇದ್ದೆ" ಎಂದ. ಕೊರಳಪಟ್ಟಿ ಹಿಡಿದ ಕೈ ಕೆಳಗಿಳಿಯಿತು. ಯಾರೂ ತಪ್ಪಾಯಿತು ಎನ್ನಲಿಲ್ಲ. ಒಬ್ಬೊಬ್ಬರಾಗಿ ಹಿಂದೆ ಸರಿದರು. ನಾಲ್ಕನೆಯ ಬ್ಯಾಂಡು ಹಾಡಲೇ ಇಲ್ಲ. ಹಾಸನದಲ್ಲಿ ಗ್ಯಾಲರಿ ಬಿಚ್ಚಿಸಿ, ಎಲ್ಲರನ್ನೂ ನೆಲದ ಮೇಲೆ ಕೂರಿಸಿ ಕಾರ್ಯಕ್ರಮ ಮಾಡಿದರು ಎಂದು ಆಮೇಲೆ ಕೇಳಿದೆ.

ಹದಿನೈದು ದಿನ ಕಳೆದ ಮೇಲೆ ಅಪ್ಪ ರಜೆ ಹಾಕಿ, ಹುಲಿಕೆರೆಗೆ ಹೋಗೋಣ ನಡಿ ಎಂದ. ಜಾವಗಲ್ ಮೇಲೆ ಹಳೇಬೀಡಿಗೆ ಬಸ್ಸು, ಅಲ್ಲಿಂದ ಆಟೋ. ಗೆಳತಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಅವಳ ತಾಯಿ ಕಾಫಿ ತಂದಿಟ್ಟರು. ಅಪ್ಪ ಲೋಟ ಮುಟ್ಟಲಿಲ್ಲ.

"ನಾನು ನನ್ನ ಮಗಳನ್ನ ಮಾತ್ರ ಕರೆದೆ ಕಣಮ್ಮ" ಎಂದ. "ನಿಮ್ಮ ಮಗಳು ಪಕ್ಕದಾಗೇ ನಿಂತಿದ್ಲು. ಎರಡು ಬೆರಳು ತೋರಿಸ್ಬೋದಾಗಿತ್ತು. ತೋರಿಸ್ಲಿಲ್ಲ."

ಗ್ಯಾಲರಿ ಬಿದ್ದ ದಿನದಿಂದ ಅಪ್ಪ ಸರಿಯಾಗಿ ಊಟ ಮಾಡದಿದ್ದದ್ದಕ್ಕೆ ಬೆನ್ನಿನ ನೋವು ಕಾರಣ ಎಂದುಕೊಂಡಿದ್ದೆ. ಗೆಳತಿಯ ತಾಯಿ ಲೋಟವನ್ನು ಅಪ್ಪನ ಹತ್ತಿರಕ್ಕೆ ಸರಿಸಿದರು.

"ನಾನಾಗಿದ್ರೂ ನನ್ನ ಮಗಳನ್ನೇ ಕರೀತಿದ್ದೆ. ಕಾಫಿ ಆರೋಗ್ತೈತೆ, ಕುಡೀರಿ" ಎಂದರು.

ಗೆಳತಿ ನನ್ನನ್ನು ಊರಿನ ಹಳೆಯ ಕಲ್ಯಾಣಿಯ ಹತ್ತಿರ ಕರೆದುಕೊಂಡು ಹೋದಳು. ಚಿಕ್ಕಂದಿನಿಂದ ಆ ಮೆಟ್ಟಿಲುಗಳ ಮೇಲೆ ಓಡಾಡಿದವಳು, ಅವತ್ತು ಮೇಲಿನ ಕಲ್ಲಿನಿಂದ ಒಂದು ಮೆಟ್ಟಿಲೂ ಕೆಳಗಿಳಿಯಲಿಲ್ಲ. ಸ್ಪೀಕರಿನ ಮರೆಗೆ ಹೋಗುವ ಮೊದಲೇ ನಾನು ಅಳುತ್ತಿದ್ದದ್ದು ಅವಳಿಗೆ ಕಂಡಿತ್ತಂತೆ. ಕಾಲ ಕೆಳಗೆ ಸುತ್ತಿಗೆಯ ಸದ್ದೂ ಕೇಳಿತಂತೆ. ಆಗ ಎಲ್ಲವೂ ಅರ್ಥವಾಯಿತಂತೆ. ಸಾಲಿನ ಕೊನೆಯಲ್ಲಿ ಕೂತಿದ್ದರಿಂದ ಅವಳನ್ನು ದಾಟದೆ ಯಾರೂ ಇಳಿಯುವಂತಿರಲಿಲ್ಲ. ಪಕ್ಕದವರು ಅವಸರಪಟ್ಟು ಎದ್ದಾಗೆಲ್ಲ, ಕೂರಿ, ನಮ್ಮ ಸರದಿ ಬರಲಿ ಎಂದು ಕಾಲು ಅಡ್ಡ ಇಟ್ಟು ತಡೆದಿದ್ದಳು.

ನಿನಗೆ ಹೆದರಿಕೆ ಆಗಲಿಲ್ಲವಾ ಎಂದು ಕೇಳಿದೆ.

"ಲಂಗದಾಗೇ ಉಚ್ಚೆ ಹೋಗ್ಬಿಟ್ಟಿದ್ದೆ ಕಣೇ" ಎಂದಳು. ನಗು ಬರುತ್ತದೆಂದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬರಲಿಲ್ಲ. ಅವಳು ಎಡಗೈಯಲ್ಲಿ ನನ್ನ ಕೈ ಹಿಡಿದುಕೊಂಡಳು. ಕೆಳಗೆ ಕಲ್ಯಾಣಿಯ ನೀರು ಕದಲದೆ ನಿಂತಿತ್ತು.

ಅವಳು ಈಗ ಬೇಲೂರಿನ ಶಾಲೆಯೊಂದರಲ್ಲಿ ಟೀಚರು. ಬಲಗೈ ಪೂರ್ತಿ ನೆಟ್ಟಗಾಗಲೇ ಇಲ್ಲ. ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆಯುವುದನ್ನು ಕಲಿತಳು. ನಾನು ಜನ ತುಂಬಿದ ಕಡೆಗೆ ಹೋದರೆ ಈಗಲೂ ಮೊದಲು ಕಾಲ ಕೆಳಗೆ ನೋಡುತ್ತೇನೆ.

ಅವತ್ತು ಹುಲಿಕೆರೆಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತಿದ್ದ. ಜಾವಗಲ್ ದಾಟಿದ ಮೇಲೆ ಬಸ್ಸು ದೊಡ್ಡ ಗುಂಡಿಗೆ ಇಳಿದು ಎದ್ದಿತು. ಇಬ್ಬರೂ ಒಟ್ಟಿಗೇ ಮುಂದಿನ ಸೀಟಿನ ಕಂಬಿ ಹಿಡಿದೆವು. ಸುತ್ತಲಿನವರು ನಿದ್ದೆ ಮಾಡುತ್ತಿದ್ದರು. ರಸ್ತೆ ಸಮವಾಯಿತು. ಅರಸೀಕೆರೆ ಬರುವವರೆಗೂ ಅಪ್ಪ ಕೈ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.